ಹಿಡಿಯುವ ಕೈಯ ಹುಸೇನಮ್ಮ

ಹುಸೇನಮ್ಮನ ಬಲಗೈ ತೋರುಬೆರಳಿಗೆ ತುದಿ ಇಲ್ಲ. ಕೆಳಸಾಲಿನ ಮುಂದಿನ ಎರಡು ಹಲ್ಲೂ ಇಲ್ಲ. ಬೆರಳು ಕಚ್ಚಿ ತೆಗೆದವಳು ಒಬ್ಬಳು, ಹಲ್ಲು ಉದುರಿಸಿದವನು ಇನ್ನೊಬ್ಬ. ಇಬ್ಬರೂ ಒಂದೇ ಮನೆಯವರು, ಎರಡೂ ನಡೆದದ್ದು ಒಂದೇ ವಾರದಲ್ಲಿ. ಆ ವಾರ ನಾನು ಅಲ್ಲೇ ಇದ್ದೆ. ಸಿನಿಮಾದವರಿಗೆ, ಕ್ರಿಕೆಟ್‌ನವರಿಗೆ ಅಭಿಮಾನಿಗಳು ಇರ್ತಾರಲ್ಲ, ನಾನು ಒಬ್ಬ ವಾರ್ಡ್ ಆಯಾಳ ಅಭಿಮಾನಿ. ಈಗಲೇ ನಗಬೇಡಿ, ಪೂರ್ತಿ ಕೇಳಿ ಆಮೇಲೆ ನಗಿ.

ಹೈದರಾಬಾದಿನ ಬೇಗಂಪೇಟೆ ಕಡೆಯ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಅದರ ನಾಲ್ಕನೇ ಮಹಡಿಯಲ್ಲಿ ಮೆದುಳು, ನರದ ರೋಗಿಗಳ ವಾರ್ಡು. ಹುಸೇನಮ್ಮ ಅಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಬೆಡ್‌ಪ್ಯಾನ್ ಇಡುವುದು, ಬಟ್ಟೆ ಬದಲಿಸುವುದು, ತಲೆ ಬಾಚುವುದು, ಇದನ್ನೆಲ್ಲ ಯಾವ ಆಯಾ ಆದರೂ ಮಾಡುತ್ತಾರೆ. ಇವರಿಗೆ ಇನ್ನೊಂದು ಕೆಲಸ ಇದೆ, ಅದಕ್ಕೆ ಡ್ಯೂಟಿ ರಿಜಿಸ್ಟರಿನಲ್ಲಿ ಹೆಸರೇ ಇಲ್ಲ. ಪೇಷಂಟು ಎದ್ದು ಹೊಡೆಯೋಕೆ ಬಂದರೆ ಹಿಡಿಯುವುದು.

ಮೆದುಳು ಕೆಟ್ಟಾಗ ಮನುಷ್ಯ ಹೇಗೆ ಹೊಡೆಯುತ್ತಾನೆ ಅನ್ನೋದು ನೋಡಿದವರಿಗೇ ಗೊತ್ತು. ಜ್ವರ ತಲೆಗೇರಿದ್ದ ಕಾಲೇಜು ಮೇಷ್ಟ್ರೊಬ್ಬರು ಸಲೈನ್ ಸ್ಟ್ಯಾಂಡ್ ಕಿತ್ತು ಬೀಸಿದ ಏಟಿಗೆ ಹುಸೇನಮ್ಮನ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಮೂವತ್ತೈದು ಕೆಜಿ ಕೂಡ ಇಲ್ಲದ ಒಬ್ಬ ಅಜ್ಜಿ ನರ್ಸಮ್ಮನ ಜಡೆ ಹಿಡಿದು ಗೋಡೆಗೆ ಗುದ್ದಿದ್ದಳು, ಗೋಡೆಯ ಮೇಲೆ ರಕ್ತದ ಗುರುತು ಎರಡು ತಿಂಗಳು ಹಾಗೇ ಇತ್ತು. ಮೂವರು ವಾರ್ಡ್‌ಬಾಯ್‌ಗಳಿಗೆ ಆಗದ್ದನ್ನು ಐದಡಿಯೂ ಇಲ್ಲದ ಈ ಹೆಂಗಸು ಒಬ್ಬರೇ ಮಾಡುತ್ತಾರೆ. ಹಿಂದಿನಿಂದ ಹೋಗಿ ಪೇಷಂಟಿನ ಎರಡೂ ಮೊಣಕೈಗಳನ್ನು ಒಳಗೆ ಒತ್ತಿ ತಬ್ಬಿಕೊಳ್ಳುತ್ತಾರೆ. ಪೇಷಂಟು ತಲೆ ಹಿಂದಕ್ಕೆ ಚಚ್ಚಿದರೆ ಮೂಗು ಒಡೆಯುತ್ತದಲ್ಲ, ಅದಕ್ಕೆ ತಮ್ಮ ಹಣೆಯನ್ನು ಅವರ ಬೆನ್ನಿಗೆ ಅಂಟಿಸಿಬಿಡುತ್ತಾರೆ. ಆಮೇಲೆ ಜೋರಾಗಿ, ನಿಧಾನವಾಗಿ ಉಸಿರಾಡುತ್ತಾರೆ. ಪೇಷಂಟಿನ ಉಸಿರು ಆ ಲೆಕ್ಕಕ್ಕೆ ಬರುವ ತನಕ ಬಿಡುವುದಿಲ್ಲ.

"ಮಣಿಕಟ್ಟು ಹಿಡೀಬಾರ್ದವ್ವ," ಅಂತ ನನಗೆ ಕಲಿಸಿದ್ದರು. "ಮಣಿಕಟ್ಟು ಹಿಡದ್ರ ಮನಷ್ಯಾಗ ಸಿಟ್ಟು ಬರ್ತೈತಿ. ಮೊಣಕೈ ಹಿಡದ್ರ ದಣಿವು ಬರ್ತೈತಿ."

"ಕಟ್ಟಿಹಾಕಿದ್ರೆ ಸುಲಭ ಅಲ್ವಾ ಅಮ್ಮ? ಕಪಾಟಲ್ಲಿ ಪಟ್ಟಿ ಇವೆಯಲ್ಲ?"

"ಕಟ್ಟಿದ್ರ ಪಟ್ಟಿ ಜೋಡಿ ಗುದ್ದಾಡ್ತಾರ. ಪಟ್ಟಿ ದಣಿಯಂಗಿಲ್ಲ, ಅವ್ರು ಸಾಯ್ತಾರ."

ಈ ವಿದ್ಯೆ ಅವರು ಕಲಿತದ್ದು ಗಂಡನ ಮೇಲೆ. ಯಾದಗಿರಿ ಕಡೆಯ ಊರಿನಿಂದ ಗಂಡ ಮೌನಪ್ಪನ ಜೊತೆ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಬಂದಿದ್ದರು. ಗಚ್ಚಿಬೌಲಿಯಲ್ಲಿ ಆಗ ಎಲ್ಲೆಲ್ಲೂ ಕಟ್ಟಡ ಏಳುತ್ತಿದ್ದ ಕಾಲ. ಮೌನಪ್ಪ ಮೂರನೇ ಅಂತಸ್ತಿನಿಂದ ಬಿದ್ದು ತಲೆ ಒಡೆದುಕೊಂಡ. ಹನ್ನೊಂದು ದಿನ ಫಿಟ್ಸ್, ಫಿಟ್ಸ್ ನಿಂತರೆ ಗುದ್ದಾಟ. ಹನ್ನೊಂದು ದಿನವೂ ಇವರು ಹಿಡಿದೇ ಕೂತಿದ್ದನ್ನು ನೋಡಿದ ವಾರ್ಡಿನ ಹೆಡ್ ಸಿಸ್ಟರು ಹನ್ನೆರಡನೇ ದಿನ ಆಯಾಗಳ ನೀಲಿ ಸೀರೆ ಕೊಟ್ಟು ಕೆಲಸಕ್ಕೆ ಸೇರಿಸಿಕೊಂಡರು. ಮೌನಪ್ಪ ಈಗ ಬಾಲಾನಗರದ ಒಂದು ಲೇತ್ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾನೆ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು.

"ನನ್ನ ಮೊದಲನೇ ಪೇಷಂಟು ಇಂವ," ಅಂತ ಅವನ ಎದುರಿಗೇ ಹೇಳುತ್ತಾರೆ. "ಇಷ್ಟು ವರ್ಷ ಆದ್ರೂ ಡಿಸ್ಚಾರ್ಜ್ ಆಗವಲ್ಲ."

ನಾನು ಗಚ್ಚಿಬೌಲಿಯ ಯೂನಿವರ್ಸಿಟಿಯಲ್ಲಿ ಇಲಿ ಮೆದುಳನ್ನು ತೆಳ್ಳಗೆ ಕೊಯ್ದು, ಒಂದೊಂದು ಜೀವಕೋಶಕ್ಕೂ ಗಾಜಿನ ಸೂಜಿ ಚುಚ್ಚಿ, ಅದರ ಕರೆಂಟು ಅಳೆಯುವ ಸಂಶೋಧನೆ ಮಾಡುತ್ತೇನೆ. ಮೈಸೂರಿನವಳು, ಹೆಸರು ಕಾವ್ಯಾ. ಹುಸೇನಮ್ಮನಿಗೆ ಮಾತ್ರ 'ಇಲಿ ಹುಡುಗಿ'. ವಾರ್ಡಿನ ಡಾಕ್ಟರ್ ತಾರಾ ಅವರ ಹತ್ತಿರ ಪೇಷಂಟುಗಳ ಬೆನ್ನುಹುರಿ ನೀರಿನ ಸ್ಯಾಂಪಲ್ ಇಸಕೊಳ್ಳಲು ವಾರ ವಾರ ಹೋಗುತ್ತಿದ್ದೆ. ಹಾಗೆ ಹೋದ ಒಂದು ಸೋಮವಾರ, ಹೋದ ವರ್ಷದ ಮಾರ್ಚಿನಲ್ಲಿ, ಸುವರ್ಣಾಳನ್ನು ತಂದರು.

ಇಪ್ಪತ್ತೊಂದು ವರ್ಷದ ಹುಡುಗಿ. ಶಹಾಪುರ ಕಡೆಯವಳು, ಗಂಡ ಚನ್ನು ಜೊತೆ ಗಚ್ಚಿಬೌಲಿಯ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಕೆಲಸ, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಹತ್ತು ದಿನದ ಹಿಂದೆ ಅವಳ ನಿದ್ದೆ ಹಾರಿಹೋಯಿತು. ಮಾತು ಅಡ್ಡಾದಿಡ್ಡಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಪಕ್ಕದಲ್ಲಿ ಮರಳು ಹೊರುತ್ತಿದ್ದವಳ ಕಡೆ ಇಟ್ಟಿಗೆ ಎಸೆದಳು, ಬಿಡಿಸಲು ಬಂದ ಚನ್ನುವಿನ ಕೆನ್ನೆ ಕಚ್ಚಿದಳು, ಸೀರೆ ಹರಿದುಕೊಂಡು ರಸ್ತೆಗೆ ಓಡಿದಳು. ಒಂದು ಕ್ಲಿನಿಕ್ಕಿನಲ್ಲಿ ಮಾನಸಿಕ ರೋಗ ಅಂತ ಇಂಜೆಕ್ಷನ್ ಕೊಟ್ಟರು, ಇನ್ನೂ ಕೆಟ್ಟಿತು. ಈಗ ಕೈಕಾಲಿಗೆ ಪ್ಲಾಸ್ಟಿಕ್ ಹಗ್ಗ ಬಿಗಿದು ಟ್ರಾಲಿ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಹಗ್ಗದ ಕೆಳಗೆ ಚರ್ಮ ಕಿತ್ತು ಬಂದಿತ್ತು.

ಹುಸೇನಮ್ಮ ಮೊದಲು ಕತ್ತರಿ ತಂದು ಹಗ್ಗ ಕತ್ತರಿಸಿದರು. ಕಾಲು ಬಿಡುಗಡೆ ಆದ ಕ್ಷಣವೇ ಸುವರ್ಣಾ ಅವರ ಹೊಟ್ಟೆಗೆ ಜಾಡಿಸಿ ಒದ್ದಳು. ಅವರು ಹೋಗಿ ಔಷಧಿ ಟ್ರಾಲಿಗೆ ಬಡಿದು, ಟ್ರಾಲಿ ಸಮೇತ ಕೆಳಗೆ ಬಿದ್ದರು. ಬಾಟಲಿಗಳು ಪುಡಿಪುಡಿ. ಎದ್ದು ಸೆರಗಿನ ಗಾಜು ಕೊಡವಿ, "ಆತಾ? ಇನ್ನೊಂದು ಕಾಲು ಉಳದೈತಿ, ಅದರ್ಲೇನೂ ಒದಿ," ಅಂದರು. ಅವಳು ಒದೆಯಲು ಕಾಲೆತ್ತುವ ಹೊತ್ತಿಗೆ ಇವರು ಅವಳ ಬೆನ್ನ ಹಿಂದೆ ಇದ್ದರು.

ಡಾಕ್ಟರ್ ತಾರಾ ನೋಡಿದರು. ತಲೆಯ ಸ್ಕ್ಯಾನ್ ಚೆನ್ನಾಗಿತ್ತು, ಜ್ವರ ಇರಲಿಲ್ಲ. ಮಾನಸಿಕ ವಿಭಾಗಕ್ಕೇ ಕಳಿಸೋಣ ಅಂತ ಅವರೂ ಮಂಗಳವಾರಕ್ಕೆ ಚೀಟಿ ಬರೆದರು. ತಪ್ಪೇನಿಲ್ಲ, ಯಾರಿಗಾದರೂ ಹಾಗೇ ಅನಿಸುತ್ತಿತ್ತು. ಸುವರ್ಣಾಳ ಬಾಯಿ ಮಾತ್ರ ಸುಮ್ಮನಿರಲಿಲ್ಲ. ತುಟಿ ಸೊಟ್ಟ ಮಾಡುತ್ತಾ, ದವಡೆ ಅತ್ತ ಇತ್ತ ಆಡಿಸುತ್ತಾ, ಏನೋ ಅಗಿಯುತ್ತಲೇ ಇದ್ದಳು.

"ಬಾಯಲ್ಲಿ ಏನದು?" ಅಂತ ಡಾಕ್ಟರ್ ಕೇಳಿದರು.

"ತಂಬಾಕರಿ," ಅಂದ ಚನ್ನು, ತಪ್ಪು ಮಾಡಿದವನ ಹಾಗೆ. ಕೆನ್ನೆಯ ಮೇಲೆ ಹಲ್ಲಿನ ಗಾಯ ಇನ್ನೂ ಹಸಿಯಾಗಿತ್ತು. "ನಮ್ಮ ಗ್ಯಾಂಗಿನ್ಯಾಗ ಹೆಂಗಸ್ರೂ ತಿಂತಾರ್ರಿ. ಎಲ್ಲಿ ಮುಚ್ಚಿಟ್ಟಿದ್ಳೋ ಏನೋ."

ಅಷ್ಟೇ. ಎಲ್ಲರಿಗೂ ಸಮಾಧಾನವಾಯಿತು. ಕೇಸ್ ಶೀಟಿನಲ್ಲಿ 'ತಂಬಾಕು ಅಭ್ಯಾಸ' ಅಂತ ಬರೆದರು. ಸೈಟಿನಲ್ಲಿ ಹತ್ತು ದಿನದಿಂದ ನೋಡಿದವರೆಲ್ಲ ಅದನ್ನೇ ಅಂದುಕೊಂಡಿದ್ದರು. ತಂಬಾಕು ತಿನ್ನುವ ಜನರ ನಡುವೆ ಅಗಿಯುವ ಬಾಯಿಯನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಹುಸೇನಮ್ಮ ಇಟ್ಟರು. ಯಾಕೆಂದರೆ ಅವರೂ ತಂಬಾಕು ತಿನ್ನುತ್ತಾರೆ. ಅವಳನ್ನು ಹಿಡಿದು ಕೂತಿದ್ದವರು ಗಡಿಯಾರ ನೋಡಿದರು. ಮುಕ್ಕಾಲು ಗಂಟೆ ಆಗಿತ್ತು.

"ಡಾಕ್ಟ್ರವ್ವ, ಈಕಿ ಉಗುಳವಲ್ಲಳು," ಅಂದರು. "ತಂಬಾಕ ಹಾಕ್ಕೊಂಡ್ರ ಹತ್ತು ಮಿಂಟಿಗೆ ಉಗುಳಬೇಕು. ನುಂಗಿದ್ರ ವಾಂತಿ ಆಗಬೇಕು. ಈಕಿ ಉಗುಳವಲ್ಲಳು, ವಾಂತೀನೂ ಮಾಡವಲ್ಲಳು."

ಹಾಗಂದವರೇ ಬಲಗೈ ತೋರುಬೆರಳನ್ನು ಅವಳ ಕೆನ್ನೆಯ ಒಳಗೆ ಹಾಕಿ ಸುತ್ತ ತಡಕಿದರು. ದವಡೆ ಮುಚ್ಚಿತು. ಕಟ್ ಅಂತ ಕೇಳಿಸಿದ ಆ ಸದ್ದು ನನಗೆ ಈಗಲೂ ಊಟದ ಹೊತ್ತಿನಲ್ಲಿ ನೆನಪಾಗುತ್ತದೆ. ನಾನು ಕಿರುಚಿದೆ, ಹುಸೇನಮ್ಮ ಕಿರುಚಲಿಲ್ಲ. ಬೆರಳು ಎಳೆಯಲೂ ಇಲ್ಲ, ಎಳೆದಿದ್ದರೆ ಪೂರ್ತಿ ಹೋಗುತ್ತಿತ್ತು. ಎಡಗೈಯಿಂದ ಅವಳ ಕಿವಿಯ ಕೆಳಗೆ ದವಡೆಯ ಸಂದು ಒತ್ತಿ ಬಾಯಿ ತೆರೆಸಿದರು. ಗಲ್ಲದ ಮೇಲೆ, ಸೀರೆಯ ಮೇಲೆ ರಕ್ತ ಸುರಿಯುತ್ತಿತ್ತು. ಬೆರಳಿನ ತುದಿ ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು.

"ಬಾಯಾಗ ಏನೂ ಇಲ್ಲವ್ವ. ಖಾಲಿ ಬಾಯಿ ಅಗಿಯಾಕತ್ತಾಳ," ಅಂದರು.

ಡಾಕ್ಟರ್ ತಾರಾ ಮಂಗಳವಾರದ ಚೀಟಿಯನ್ನು ಅಲ್ಲೇ ಹರಿದರು. ನಾನೂ ಆ ವಾರ ಲ್ಯಾಬ್ ಬಿಟ್ಟು ದಿನವೂ ವಾರ್ಡಿಗೆ ಬಂದೆ, ಯಾಕೆಂದರೆ ನಾನು ಪುಸ್ತಕದಲ್ಲಿ ಮಾತ್ರ ಓದಿದ್ದ ರೋಗ ಅದು. ನಿದ್ದೆ ಇಲ್ಲ, ಗುದ್ದಾಟ, ಮಾತು ಕಳಚುವುದು, ಜೊತೆಗೆ ಬಾಯಿ ತನ್ನಷ್ಟಕ್ಕೆ ಅಗಿಯುವುದು. ರಕ್ತದಲ್ಲಿರುವ ರಕ್ಷಣೆಯ ಕಣಗಳು ದಾರಿ ತಪ್ಪಿ ಮೆದುಳಿನ ಮೇಲೇ ದಾಳಿ ಮಾಡುವ ರೋಗ. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ರಿಪೋರ್ಟ್ ಶುಕ್ರವಾರ ಬರುತ್ತದೆ. ಅಲ್ಲಿಯವರೆಗೆ ಅವಳನ್ನು ಎಲ್ಲಿಗೂ ಕಳಿಸುವಂತಿಲ್ಲ, ಈ ರೋಗದಲ್ಲಿ ಯಾವಾಗ ಬೇಕಾದರೂ ಉಸಿರು ನಿಲ್ಲಬಹುದು.

ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಹುಸೇನಮ್ಮನೇ ಸುವರ್ಣಾಳನ್ನು ಮುದುರಿ ಹಿಡಿದು ಕೂತರು, ಡಾಕ್ಟರ್ ಅವಳ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವ ತನಕ. ಹನ್ನೆರಡು ನಿಮಿಷ. ಅಷ್ಟೂ ಹೊತ್ತು ಅವಳು ಇವರ ತೋಳು ಕಚ್ಚುತ್ತಿದ್ದಳು. ಬೆರಳ ತುದಿ ಉಳಿಯಲಿಲ್ಲ, ಮರುದಿನ ಕಪ್ಪಾಗಿದ್ದನ್ನು ತೆಗೆದುಬಿಟ್ಟರು.

ಸೋಮವಾರ ಸಂಜೆ ಕಾರಿಡಾರಿನಲ್ಲಿ ಚಾ ಕುಡಿಯುತ್ತಾ ಹುಸೇನಮ್ಮ ಕೇಳಿದರು. "ಏ ಇಲಿ ಹುಡುಗಿ, ಈಕಿ ತಲಿಯಾಗ ಏನಾಗೇತಿ? ನನಗ ತಿಳಿಯೂ ಹಂಗ ಹೇಳು. ನಿನ್ನ ಇಂಗ್ಲಿಷ್ ಬ್ಯಾಡ."

ನಾನು ಶುರು ಮಾಡಿದೆ. ಮೆದುಳಿನಲ್ಲಿ ಗ್ಲುಟಮೇಟ್ ಅಂತ ಒಂದು ರಸ ಇದೆ, ಒಂದು ಕೋಶ ಇನ್ನೊಂದು ಕೋಶವನ್ನು 'ಏಳು, ಕೆಲಸ ಮಾಡು' ಅಂತ ಎಬ್ಬಿಸುವುದು ಅದರಿಂದಲೇ. ಆ ರಸವನ್ನು ಹಿಡಿದುಕೊಳ್ಳಲು ಕೋಶಗಳ ಮೈಮೇಲೆ ಸಣ್ಣ ಸಣ್ಣ ಬಾಗಿಲುಗಳಿವೆ, ರಿಸೆಪ್ಟರು ಅನ್ನುತ್ತೇವೆ. ಈ ರೋಗದಲ್ಲಿ ರಕ್ತದ ಕಣಗಳು ಹೋಗಿ ಒಂದು ಜಾತಿಯ ಬಾಗಿಲುಗಳನ್ನು ಕಿತ್ತು ಹಾಕುತ್ತವೆ.

"ಎಬ್ಬಿಸೂ ಬಾಗಲಾ ಕಿತ್ತಿದ್ರ ಮನಷಾ ಮಲಗಬೇಕಲ್ಲ? ಈಕಿ ಯಾಕ ಜಗ್ಯಾಡಾಕತ್ತಾಳ?"

ನೋಡಿ, ಇದನ್ನೇ ನಮ್ಮ ಪ್ರೊಫೆಸರ್ ನನಗೆ ಮೊದಲ ದಿನ ಕೇಳಿದ್ದು! ನಾನು ಉತ್ತರ ಹೇಳಲು ಒಂದು ವಾರ ತೆಗೆದುಕೊಂಡಿದ್ದೆ. ಮೆದುಳಿನ ಕೋಶಗಳೆಲ್ಲ ಒಂದೇ ಥರ ಅಲ್ಲ. ಹೆಚ್ಚಿನವು ಓಡಿಸುವ ಕೋಶಗಳು. ಐದರಲ್ಲಿ ಒಂದು ಮಾತ್ರ ಹಿಡಿದು ನಿಲ್ಲಿಸುವ ಕೋಶ. ಆ ಹಿಡಿಯುವ ಕೋಶಗಳು ಒಂದು ಕ್ಷಣವೂ ಸುಮ್ಮನಿರುವಂತಿಲ್ಲ, ಬೇರೆಯವಕ್ಕಿಂತ ವೇಗವಾಗಿ ಕೆಲಸ ಮಾಡುತ್ತಲೇ ಇರಬೇಕು. ಅದಕ್ಕೇ ಬಾಗಿಲು ಕಿತ್ತಾಗ ಮೊದಲು ಸೋಲುವುದು ಅವೇ ಅಂತ ಈಗಿನ ಅಂದಾಜು.

ಹುಸೇನಮ್ಮ ಕಪ್ಪಿನೊಳಗೆ ನೋಡುತ್ತಾ ಯೋಚಿಸಿದರು. "ಅಂದ್ರ ಈ ವಾರ್ಡಿಗೆ ಚಾ ಬಂದ್ ಮಾಡಿದ್ರ ಎಲ್ಲಾರಿಗೂ ಬಂದ್. ಪೇಷಂಟಿಗೂ ಬಂದ್, ನಮಗೂ ಬಂದ್. ಪೇಷಂಟಿಗೆ ಏನೂ ಆಗಂಗಿಲ್ಲ. ನಾನು, ನನ್ನ ಜೋಡಿ ಆಯಾ ಗಂಗಾ, ಇಬ್ಬರು ವಾರ್ಡಬಾಯ್, ನಾವು ಕುಸೀತೀವಿ. ಆಮ್ಯಾಗ ನೋಡು ಮಜಾ, ಹಿಡಿಯವ್ರೇ ಇಲ್ಲ."

ನಾನು ಆ ಮಾತನ್ನು ಕಳೆದ ತಿಂಗಳ ಸೆಮಿನಾರಿನಲ್ಲಿ ಹಾಗೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬುಧವಾರ ಚನ್ನುವಿನ ಅಣ್ಣ ಗುರುಬಸವ ಬಂದ. ಗ್ಯಾಂಗಿನ ಮೇಸ್ತ್ರಿ ಅವನೇ, ಚನ್ನುವನ್ನು ಸಾಕಿ ಬೆಳೆಸಿದವನೂ ಅವನೇ. ಚನ್ನು ಅವನ ಎದುರು ಕೂರುವುದೂ ಇಲ್ಲ. ಊರಿನಲ್ಲಿ ಒಬ್ಬ ಮಂತ್ರವಾದಿ ಇದ್ದಾನೆ, ಕಂಬಕ್ಕೆ ಸರಪಳಿ ಹಾಕಿ ಮೂರು ದಿನ ಬೇವಿನ ಬರಲಿನಿಂದ ಹೊಡೆದರೆ ಎಂಥ ದೆವ್ವವೂ ಬಿಟ್ಟು ಓಡುತ್ತದೆ, ಈಗಲೇ ಜೀಪು ತರಿಸುತ್ತೇನೆ ಅಂದ.

"ಇವಳನ್ನು ಇಲ್ಲಿಂದ ಎಬ್ಬಿಸಿದರೆ ದಾರಿಯಲ್ಲೇ ಉಸಿರು ನಿಲ್ಲುತ್ತೆ," ಅಂದರು ಡಾಕ್ಟರ್ ತಾರಾ.

ಚನ್ನು ನೆಲ ನೋಡುತ್ತಾ, "ಶುಕ್ರವಾರ ತನಕ ನೋಡೂಣಣ್ಣ," ಅಂದ. ಅಣ್ಣನಿಗೆ ಎದುರಾಗಿ ತಾನು ಆಡಿದ ಮೊದಲ ಮಾತು ಅದು ಅಂತ ಆಮೇಲೆ ಹೇಳಿದ. ಗುರುಬಸವ ಅಲ್ಲೇ ಅವನ ಕಪಾಳಕ್ಕೆ ಒಂದು ಬಿಟ್ಟ. ಆದರೂ ಒಪ್ಪಿದ. ಹೀಗೆ ಎಲ್ಲವೂ ಶುಕ್ರವಾರದ ಮೇಲೆ ನಿಂತಿತು. ಅಲ್ಲಿಯ ತನಕ ಸುವರ್ಣಾ ವಾರ್ಡಿನಲ್ಲೇ ಇದ್ದರೆ ಬದುಕುತ್ತಾಳೆ, ಹೊರಗೆ ಹೋದರೆ ಇಲ್ಲ.

ಗುರುವಾರ ಮಧ್ಯಾಹ್ನ ಹೊಟ್ಟೆಯ ಸ್ಕ್ಯಾನ್ ಆಯಿತು. ಈ ರೋಗ ಬಂದ ಹರೆಯದ ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಅಂಡಾಶಯದಲ್ಲಿ ಒಂದು ಗಡ್ಡೆ ಇರುತ್ತದೆ. ವಿಚಿತ್ರ ಗಡ್ಡೆ ಅದು. ಮೈಯ ಯಾವ ಭಾಗ ಬೇಕಾದರೂ ಅದರೊಳಗೆ ಬೆಳೆದುಬಿಡಬಹುದು. ಕೂದಲು, ಹಲ್ಲು, ಒಂದಿಷ್ಟು ಮೆದುಳಿನ ಅಂಶ ಕೂಡ. ಆ ಮೆದುಳಿನ ಅಂಶವನ್ನು ಕೊಲ್ಲಲು ಹೊರಟ ರಕ್ತದ ಕಣಗಳೇ ತಲೆಯ ಮೆದುಳಿಗೂ ಹೋಗಿ ಬೀಳುತ್ತವೆ. ಗಡ್ಡೆ ಸಿಕ್ಕಿತು ಅಂದರೆ ರೋಗದ ಬೇರು ಸಿಕ್ಕಿದ ಹಾಗೆ, ತೆಗೆದುಹಾಕಬಹುದು. ಸಿಕ್ಕಿತು! ಡಾಕ್ಟರ್ ತಾರಾ ಕುಣಿಯುವುದೊಂದು ಬಾಕಿ. ಆದರೆ ಅವರು ಮೇಲೆ ಬಂದು ಬಿಡಿಸಿ ಹೇಳುವ ಮೊದಲೇ ಸ್ಕ್ಯಾನ್ ರೂಮಿನ ಹುಡುಗ ಬಾಗಿಲ ಹೊರಗೆ ನಿಂತಿದ್ದ ಚನ್ನು, ಗುರುಬಸವರಿಗೆ ಹಿಂದಿಯಲ್ಲಿ ಹೇಳಿಬಿಟ್ಟಿದ್ದ, ನಿಮ್ಮವಳ ಹೊಟ್ಟೆಯಲ್ಲಿ ಕೂದಲಿದೆ, ಹಲ್ಲಿದೆ ಅಂತ.

ಹೊಟ್ಟೆಯಲ್ಲಿ ಕೂದಲು, ಹಲ್ಲು. ಆ ಕಡೆಯ ಜನಕ್ಕೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಭಾನಾಮತಿ. ಯಾರೋ ಮಾಟ ಮಾಡಿ ಹೊಟ್ಟೆಗೆ ಇಳಿಸಿದ್ದಾರೆ.

ನಾಲ್ಕು ಗಂಟೆಗೆ ಭೇಟಿಯ ಸಮಯ. ಗುರುಬಸವ ಗ್ಯಾಂಗಿನ ಮೂವರನ್ನು ಕರೆದುಕೊಂಡು ಒಳಗೆ ಬಂದ, ಹಿಂದೆ ಚನ್ನು. ಜೀಪು ಕೆಳಗೆ ಕಾಯುತ್ತಿತ್ತು. ಹುಸೇನಮ್ಮ ಸುವರ್ಣಾಳ ಮಂಚದ ಮೇಲೆ ಅವಳನ್ನು ಹಿಂದಿನಿಂದ ತಬ್ಬಿ ಕೂತಿದ್ದರು.

"ಬಿಡು ಆಕಿನ್ನ," ಅಂದ ಗುರುಬಸವ.

"ನಾಳಿ ತನಕ ಬಿಡಂಗಿಲ್ಲಪ್ಪ."

"ಸೋಮವಾರ ಆಕಿ ಬಾಯಾಗ ಬೆರಳು ಹಾಕಿದ್ಯಲ್ಲ, ಏನ್ ತುರುಕಿದಿ? ಎಲ್ಲಾರೂ ನೋಡ್ಯಾರ. ನಿನ್ನ ರಕ್ತ ಕುಡಿಸಿದಿ. ಕೂದಲಾ ಇಳಿಸಿದ್ದು ನೀನ. ಹಲ್ಲು ಇಳಿಸಿದ್ದು ನೀನ!"

ಹುಸೇನಮ್ಮನ ಮುಖ ಬೂದಿಯಾಯಿತು. ಹೊಡೆತಕ್ಕೆ ಅವರು ಹೆದರಿದ್ದನ್ನು ನಾನು ನೋಡಿರಲಿಲ್ಲ, ಆವತ್ತು ನೋಡಿದೆ. ಯಾಕೆ ಅಂತ ಆಮೇಲೆ ಹೇಳಿದರು. ಅವರು ಒಂಬತ್ತು ವರ್ಷದವರಿದ್ದಾಗ ಅವರ ಚಿಕ್ಕಮ್ಮನ ಮೇಲೆ ಊರವರು ಇದೇ ಆರೋಪ ಹೊರಿಸಿದ್ದರು. ಮಂತ್ರ ಹೇಳಲು ಬಾಯಿ ತಿರುಗಬಾರದು ಅಂತ ಕಟ್ಟೆಯ ಮೇಲೆ ಮಲಗಿಸಿ ಕಲ್ಲಿನಿಂದ ಮುಂದಿನ ಹಲ್ಲುಗಳನ್ನು ಒಡೆದಿದ್ದರು. ಇವರು ಗೋಡೆ ಹಿಡಿದು ನಿಂತು ನೋಡಿದ್ದರು. ಮುಂದೆ ಏನಾಗುತ್ತದೆ ಅಂತ ಆ ವಾರ್ಡಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಒಬ್ಬ ಗುರುಬಸವ, ಇನ್ನೊಬ್ಬರು ಹುಸೇನಮ್ಮ. ಬಿಟ್ಟು ಓಡಬಹುದಿತ್ತು. ಬಾಗಿಲು ಆರು ಹೆಜ್ಜೆ ದೂರ.

ಗುರುಬಸವ ಪಕ್ಕದ ಮಂಚದವರ ಟಿಫಿನ್ ಕ್ಯಾರಿಯರ್ ಎತ್ತಿ ಬೀಸಿದ. ಸಾರು, ಅನ್ನ ಎಲ್ಲ ಗೋಡೆಗೆ ಹಾರಿತು. ಎರಡನೇ ಏಟು ಹುಸೇನಮ್ಮನ ಬಾಯಿಗೆ ಬಿತ್ತು, ಕೆಳಗಿನ ಎರಡು ಹಲ್ಲು ಅಲ್ಲೇ ಹೋದವು. ಒಬ್ಬ ಅವರ ಜುಟ್ಟು ಹಿಡಿದು ಎಳೆದ, ಇನ್ನೊಬ್ಬ ಸುವರ್ಣಾಳ ಕಾಲು ಹಿಡಿದು ಎಳೆದ, ಇಬ್ಬರೂ ಒಟ್ಟಿಗೆ ಮಂಚದಿಂದ ನೆಲಕ್ಕೆ ಬಿದ್ದರು. ಹುಸೇನಮ್ಮ ಹಿಡಿತ ಬಿಡಲಿಲ್ಲ. ಪಕ್ಕೆಗೆ ಒದೆ, ಬೆನ್ನಿಗೆ ಒದೆ. ಪಕ್ಕೆಲುಬು ಮುರಿದದ್ದು ಆಗಲೇ ಇರಬೇಕು. ನಾನು ಒಬ್ಬನ ಅಂಗಿ ಹಿಡಿದು ಜಗ್ಗಿದೆ, ಅವನು ಮೊಣಕೈ ಬೀಸಿದ್ದಕ್ಕೆ ಬಾಗಿಲ ಬಳಿ ಹೋಗಿ ಬಿದ್ದೆ. ಗಂಗಾ ಸೆಕ್ಯುರಿಟಿಯವರನ್ನು ಕರೆಯಲು ಕೂಗುತ್ತಾ ಮೆಟ್ಟಿಲಿಳಿದು ಓಡಿದಳು.

ಅಷ್ಟರಲ್ಲಿ ಸುವರ್ಣಾಗೆ ಫಿಟ್ಸ್ ಬಂತು. ಕಣ್ಣು ಮೇಲಕ್ಕೆ ತಿರುಗಿತು, ಮೈಯೆಲ್ಲ ಸೆಟೆದು ನೆಲಕ್ಕೆ ತಲೆ ಬಡಿಯತೊಡಗಿತು, ಬಾಯಿ ತುಂಬ ನೊರೆ. ಹುಸೇನಮ್ಮ ತಮ್ಮ ಅಂಗೈಯನ್ನು ಅವಳ ತಲೆಯ ಕೆಳಗೆ ತೂರಿಸಿದರು. ಮೇಲಿನಿಂದ ಇನ್ನೂ ಒದೆ ಬೀಳುತ್ತಲೇ ಇತ್ತು.

"ನನ್ನ ಹೊಡೀರಿ!" ಅಂತ ಕೂಗಿದರು, ಬಾಯಿಂದ ರಕ್ತ ಉಗುಳುತ್ತಾ. "ಎಷ್ಟ್ ಬೇಕಾದ್ರೂ ಹೊಡೀರಿ! ಆಕಿನ್ನ ಮಗ್ಗಲಕ್ಕ ಹೊಳ್ಳಸ್ರಿ ಮೊದಲ! ಬುರುಗು ಗಂಟಲಿಗೆ ಹೊಕ್ಕೈತಿ, ಉಸಿರು ನಿಂದರ್ತೈತಿ! ಚನ್ನೂ, ಮಗ್ಗಲಕ್ಕ ಹೊಳ್ಳಿಸೋ ನಿನ್ನ ಹೇಣ್ತಿನ್ನ!"

ಚನ್ನು ಗೋಡೆಗೆ ಅಂಟಿ ನಿಂತಿದ್ದ. ಸುವರ್ಣಾಳ ತುಟಿ ನೀಲಿಯಾಗುತ್ತಿತ್ತು. ಅವನು ಹೆಂಡತಿಯನ್ನು ನೋಡಿದ, ಹುಸೇನಮ್ಮನನ್ನು ನೋಡಿದ. ಎಷ್ಟೋ ದಿನದ ಮೇಲೆ ನನಗೆ ಹೇಳಿದ, "ಮಾಟ ಮಾಡಾಕಿ ಹಂಗ್ಯಾಕ ಕೂಗ್ತಾಳ್ರಿ ಅಕ್ಕ?" ಅವನಿಗೆ ಅಷ್ಟೇ ಹೊಳೆದದ್ದು, ಅಷ್ಟೇ ಸಾಕಾಯಿತು. ಸಲೈನ್ ಸ್ಟ್ಯಾಂಡ್ ಕಿತ್ತು ಅಣ್ಣನ ಮೊಣಕಾಲಿಗೆ ಇಟ್ಟ ಏಟಿಗೆ ಗುರುಬಸವ ಹಂದಿಯ ಹಾಗೆ ಕಿರುಚಿ ಕುಸಿದ. ಉಳಿದ ಮೂವರಿಗೆ ಏನು ಮಾಡಬೇಕು ಅಂತ ತಿಳಿಯಲಿಲ್ಲ, ಮೇಸ್ತ್ರಿಯ ತಮ್ಮನನ್ನು ಹೊಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಚನ್ನು ಮೊಣಕಾಲೂರಿ ಹೆಂಡತಿಯನ್ನು ಪಕ್ಕಕ್ಕೆ ಹೊರಳಿಸಿದ. ನೊರೆ, ರಕ್ತ ಎಲ್ಲ ನೆಲಕ್ಕೆ ಹರಿಯಿತು. ಸುವರ್ಣಾ ಗೊರಗೊರ ಅಂತ ಒಮ್ಮೆ ಉಸಿರೆಳೆದಳು.

ಡಾಕ್ಟರ್ ತಾರಾ, ಸೆಕ್ಯುರಿಟಿಯವರು ಬಂದಾಗ ನೆಲದ ಮೇಲೆ ಮೂವರು ಹಾಗೇ ಇದ್ದರು, ಸುವರ್ಣಾ, ಅವಳನ್ನು ಹಿಡಿದ ಚನ್ನು, ಇಬ್ಬರನ್ನೂ ಹಿಡಿದ ಹುಸೇನಮ್ಮ.

ಸಂಜೆಯೊಳಗೆ ಸುವರ್ಣಾಳನ್ನು ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು. ಜೀಪಿನಲ್ಲಿ ಇದ್ದಿದ್ದರೆ ಆ ಹೊತ್ತಿಗೆ ಎಲ್ಲೋ ರಸ್ತೆಯ ಮೇಲೆ ಇರುತ್ತಿದ್ದಳು. ಪೊಲೀಸರು ಬಂದು, ಕೇಸ್ ಬರೆಯಬೇಕಾ, ರಾಜಿ ಮಾಡಿಕೊಳ್ತೀರಾ ಅಂತ ಹುಸೇನಮ್ಮನನ್ನು ಕೇಳಿದರು. ಬಾಯಿ ಊದಿ ಮಾತೇ ಹೊರಡುತ್ತಿರಲಿಲ್ಲ. ಆದರೂ, "ಬರೀರಿ. ನಾಕೂ ಮಂದಿ ಹೆಸರು ಬರೀರಿ," ಅಂದರು. ಚನ್ನು ಸಾಕ್ಷಿ ಹೇಳಿದ, ಅಣ್ಣನ ವಿರುದ್ಧವೇ. ಅದರೊಂದಿಗೆ ಅವನಿಗೆ ಗ್ಯಾಂಗೂ ಹೋಯಿತು, ಶೆಡ್ಡೂ ಹೋಯಿತು. ಮೌನಪ್ಪ ಅವನನ್ನು ಬಾಲಾನಗರಕ್ಕೆ ಕರೆದೊಯ್ದು ತಮ್ಮ ಮನೆಯಲ್ಲೇ ಮಲಗಿಸಿಕೊಂಡ.

ಶುಕ್ರವಾರ ರಿಪೋರ್ಟ್ ಬಂತು. ಡಾಕ್ಟರ್ ಅಂದುಕೊಂಡದ್ದೇ. ಶನಿವಾರ ಗಡ್ಡೆ ತೆಗೆದರು. ಸಿನಿಮಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಕಿತ್ತುಹೋದ ಬಾಗಿಲುಗಳು ಮತ್ತೆ ಹುಟ್ಟಲು ವಾರಗಟ್ಟಲೆ ಬೇಕು. ಯಂತ್ರದಿಂದ ಹೊರಬಂದ ಮೇಲೂ ತಿಂಗಳು ಪೂರ್ತಿ ಸುವರ್ಣಾ ಉಗುರಿನಿಂದ ಪರಚಿದಳು, ತಟ್ಟೆ ಒಡೆದಳು, ಎರಡು ಸಲ ಮೂಗಿನ ನಳಿಕೆ ಕಿತ್ತೆಸೆದಳು, ಗಂಗಾಳ ಕಣ್ಣಿಗೆ ಗುದ್ದಿದಳು. ಪಕ್ಕೆಲುಬಿಗೆ ಪಟ್ಟಿ ಕಟ್ಟಿಕೊಂಡು ಹುಸೇನಮ್ಮ ಮೂರನೇ ವಾರಕ್ಕೆ ಡ್ಯೂಟಿಗೆ ಬಂದರು. ಮನೆಯಲ್ಲಿ ಇರಿ ಅಂದರೆ ಕೇಳಲಿಲ್ಲ.

"ಮನ್ಯಾಗ ಇಬ್ಬರು ಗಂಡಸರು ಕುಂತು ನನ್ನ ಮಾರಿ ನೋಡ್ತಾರ," ಅಂದರು. "ಇಲ್ಲಿ ಒದಿಸ್ಕೊಳ್ಳೋದ ವಾಸಿ."

ಒಂಬತ್ತನೇ ವಾರ ನಾನು ಹೋದಾಗ ಸುವರ್ಣಾ ಮಂಚದ ಮೇಲೆ ಕೂತು ತಾನೇ ತುತ್ತು ಮಾಡಿ ಉಣ್ಣುತ್ತಿದ್ದಳು, ಪಕ್ಕದಲ್ಲಿ ಚನ್ನು ಇದ್ದ. ಅವಳಿಗೆ ಮಾರ್ಚ್ ತಿಂಗಳೇ ನೆನಪಿಲ್ಲ. ಏನಾಯಿತು ಅಂತ ಚನ್ನು ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಮನೆಗೆ ಕಳಿಸಬಹುದಾ, ಇನ್ನೂ ಹದಿನೈದು ದಿನ ಇಟ್ಟುಕೊಳ್ಳಬೇಕಾ ಅಂತ ಡಾಕ್ಟರ್ ತಾರಾಗೆ ಅನುಮಾನ. ಗುದ್ದಾಟ ನಿಂತು ಆರೇ ದಿನವಾಗಿತ್ತು.

ಆಗ ಬಾಗಿಲಲ್ಲಿ ಗುರುಬಸವ ಕಾಣಿಸಿಕೊಂಡ. ಜಾಮೀನಿನ ಮೇಲೆ ಹೊರಗಿದ್ದ. ಕೈಯಲ್ಲಿ ಮೋಸಂಬಿಯ ಚೀಲ, ಕುಂಟುತ್ತಾ ನಡೆಯುತ್ತಿದ್ದ. ಹುಸೇನಮ್ಮನ ಹತ್ತಿರ ಹೋಗಿ, ಹಳೇದು ಮರೆತು ಕೇಸ್ ವಾಪಸ್ ತೆಗೆದುಕೋ ಅಂತ ಗೊಣಗಿದ. ಅವರು ಎರಡು ಮಂಚದಾಚೆ ದಿಂಬಿನ ಬಟ್ಟೆ ಬದಲಿಸುತ್ತಲೇ ಇದ್ದರು. ಅವನು ಸುವರ್ಣಾಳ ಕಡೆ ತಿರುಗಿದ.

"ನೀನರ ಹೇಳವಾ ಈ ಮುದುಕಿಗೆ. ನಾ ಮಾಡಿದ್ದೆಲ್ಲಾ ನಿನ್ನ ಸಲುವಾಗೇ."

"ಏನ್ ಮಾಡಿದ್ರಿ ಭಾವ?" ಅಂತ ಸುವರ್ಣಾ ಕೇಳಿದಳು. ತಣ್ಣಗೆ, ಬಿಡಿಬಿಡಿಯಾಗಿ. ಅವನು ಮೋಸಂಬಿಯ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಅವಳು ಚನ್ನುವನ್ನು ಕೇಳಿದಳು. ಚನ್ನು ಈ ಸಲ ನೆಲ ನೋಡಲಿಲ್ಲ. ಜೀಪು, ಸರಪಳಿ, ಬೇವಿನ ಬರಲು, ಟಿಫಿನ್ ಕ್ಯಾರಿಯರ್, ಎಲ್ಲ ಹೇಳಿದ. ಸುವರ್ಣಾ ಪೂರ್ತಿ ಕೇಳಿಸಿಕೊಂಡಳು. ಹುಸೇನಮ್ಮನ ಬಾಯಿ ಕಡೆ ಒಮ್ಮೆ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಸ್ಟೀಲಿನ ತಂಬಿಗೆ ಕೈಗೆತ್ತಿಕೊಂಡು, ನಡು ಹೊರಳಿಸಿ, ಒಗೆದಳು.

ತಂಬಿಗೆ ಎರಡು ಮಂಚ ದಾಟಿ ಹೋಗಿ ಗುರುಬಸವನ ಹುಬ್ಬಿನ ಮೇಲೆ ಕುಳಿತಿತು. ಮೋಸಂಬಿ ಚೆಲ್ಲಾಪಿಲ್ಲಿ. ಅವನ ಬೆರಳುಗಳ ಸಂದಿನಿಂದ ರಕ್ತ ಇಳಿಯುತ್ತಿತ್ತು.

ಹುಸೇನಮ್ಮ ಅಭ್ಯಾಸಬಲದಿಂದ ಒಂದೇ ಓಟಕ್ಕೆ ಅವಳ ಬೆನ್ನ ಹಿಂದೆ ಹೋಗಿ ಮೊಣಕೈ ಹಿಡಿದಿದ್ದರು. ಹಣೆ ಬೆನ್ನಿಗೆ ಒತ್ತಿ ಒಂದು ಕ್ಷಣ ಉಸಿರು ಕೇಳಿಸಿಕೊಂಡರು. ಆಮೇಲೆ ಕೈ ಬಿಟ್ಟರು.

ಸದ್ದು ಕೇಳಿ ಡಾಕ್ಟರ್ ತಾರಾ ಓಡಿ ಬಂದರು. "ಮತ್ತೆ ಶುರುವಾಯ್ತಾ ಹುಸೇನಮ್ಮ? ಇಂಜೆಕ್ಷನ್ ತರಿಸಲಾ?"

"ಬ್ಯಾಡ್ರಿ ಡಾಕ್ಟ್ರವ್ವ. ಇಷ್ಟು ದಿನ ಎದುರಿಗೆ ಯಾರಿದ್ರೂ ಹೊಡೀತಿದ್ಳು. ಈಗ ಕೇಳಿ ತಿಳ್ಕೊಂಡು, ಗುರಿ ಇಟ್ಟು, ಹೊಡೀಬೇಕಾದವಗ ಹೊಡದಾಳ. ಮೈ ನಡಗವಲ್ದು, ಉಸಿರು ಸರಳ ಐತಿ. ಪೂರಾ ಆರಾಮ ಆಗ್ಯಾಳ. ಮನಿಗೆ ಕಳಸ್ರಿ."

ಡಾಕ್ಟರ್ ಸುವರ್ಣಾಳ ಹತ್ತಿರ ಕೂತು, ಹೆಸರು, ಊರು, ವಾರ, ತಿಂಗಳು ಕೇಳಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು. ಅವಳು ಎಪ್ಪತ್ತೊಂಬತ್ತರ ತನಕ ತಪ್ಪದೆ ಹೇಳಿ, "ಮುಂದಿಂದು ಮೊದಲೂ ಬರ್ತಿರ್ಲಿಲ್ರಿ," ಅಂದಳು. ಡಾಕ್ಟರ್ ನಗುತ್ತಾ ಡಿಸ್ಚಾರ್ಜ್ ಚೀಟಿ ಬರೆಯಲು ಕೂತರು.

ಗುರುಬಸವ ಬಾಗಿಲಿಗೆ ಸರಿದು ಹುಬ್ಬು ಹಿಡಿದು ನಿಂತಿದ್ದ. ಹುಸೇನಮ್ಮ ಮೋಸಂಬಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬಿ ಅವನ ಕೈಗೆ ಕೊಟ್ಟರು.

"ಕೇಸ್ ವಾಪಸ್ ತಗೊಳ್ಳಂಗಿಲ್ಲ," ಅಂದರು. "ಹೊಲಿಗಿ ಬೇಕಾದ್ರ ಕೆಳಗ ಕ್ಯಾಜುವಾಲ್ಟಿ ಐತಿ. ಹೋಗಿ ಲೈನಿನ್ಯಾಗ ನಿಂದ್ರು."